ಊರು ಒಂಬತ್ತು, ಸೈಟ್ ಎರಡು: ಶಾಖಾ ಕಚೇರಿಗಳ ಡೈರೆಕ್ಟರಿ ಕುರಿತು ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳೆಲ್ಲ ಆಕ್ಟಿವ್ ಡೈರೆಕ್ಟರಿಯ (ಸಂಸ್ಥೆಯ ಬಳಕೆದಾರರು, ಕಂಪ್ಯೂಟರ್‌ಗಳ ಪಟ್ಟಿ ಇಟ್ಟು ಲಾಗಿನ್ ನೋಡಿಕೊಳ್ಳುವ ವಿಂಡೋಸ್ ವ್ಯವಸ್ಥೆ) ಸೈಟ್‌ಗಳ ಸುತ್ತಲೇ ಇವೆ. ಓದುವ ಮುಂಚೆ ಒಂದು ಮಾತು: ಸರ್ವರ್ ಕೋಣೆಯಲ್ಲಿ ಡಿಸಿ ಎಂದರೆ ಡೊಮೇನ್ ಕಂಟ್ರೋಲರ್, ಅಂದರೆ ಆ ಪಟ್ಟಿಯ ಪ್ರತಿ ಇಟ್ಟುಕೊಂಡು ಲಾಗಿನ್ ಪರೀಕ್ಷಿಸುವ ಸರ್ವರ್; ಜಿಲ್ಲಾಧಿಕಾರಿ ಅಲ್ಲ. ಒಂದೇ ಪಟ್ಟಿಯ ಅಡಿ ಬರುವ ಬಳಕೆದಾರರು, ಕಂಪ್ಯೂಟರ್‌ಗಳ ಬಳಗವೇ ಡೊಮೇನ್.

ಪ್ರಶ್ನೆ: ನಮ್ಮದು ಬೀಜ, ಗೊಬ್ಬರದ ಸಗಟು ವ್ಯಾಪಾರ. ಮುಖ್ಯ ಕಚೇರಿ ಬಳ್ಳಾರಿಯಲ್ಲಿ. ಸಿರುಗುಪ್ಪ, ಕೊಪ್ಪಳ, ಗಂಗಾವತಿ, ಕಾರಟಗಿ, ಕುಷ್ಟಗಿ, ಸಿಂಧನೂರು, ಲಿಂಗಸುಗೂರು, ರಾಯಚೂರಿನಲ್ಲಿ ಶಾಖೆಗಳಿವೆ. ಒಟ್ಟು 140 ಕಂಪ್ಯೂಟರ್, ಡೊಮೇನ್ ಒಂದೇ. ಬಳ್ಳಾರಿಯಲ್ಲಿ ಎರಡು ಡಿಸಿ ಇದ್ದವು, ಹೋದ ವರ್ಷ ರಾಯಚೂರಿಗೂ ಒಂದು ಹಾಕಿಸಿದೆವು. ಅದು ಬಂದ ಮೇಲೆ ವೇಗ ಹೆಚ್ಚಬೇಕಿತ್ತು. ಹೆಚ್ಚುವುದಿರಲಿ, ಬಳ್ಳಾರಿಯವರ ಲಾಗಿನ್ನೇ ಕೆಲವು ದಿನ ಐದು ನಿಮಿಷ ಹಿಡಿಯುತ್ತಿದೆ. ಸೈಟ್ ಮಾಡಿ ಎನ್ನುತ್ತಾರೆ. ಜಿಲ್ಲೆಗೊಂದು ಮಾಡಿದರೆ ಸಾಕೇ? (ಬಳ್ಳಾರಿ)

ಉತ್ತರ: ಜಿಲ್ಲೆಗೂ ಸೈಟ್‌ಗೂ ಸಂಬಂಧವಿಲ್ಲ. ಸೈಟ್ ಎಂದರೆ ತಮ್ಮ ತಮ್ಮಲ್ಲಿ ವೇಗದ ಸಂಪರ್ಕವಿರುವ ಐಪಿ ಸಬ್‌ನೆಟ್‌ಗಳ (ನೆಟ್‌ವರ್ಕ್ ವಿಳಾಸಗಳ ತುಂಡುಗಳ) ಗುಂಪು, ಅಷ್ಟೇ. ಅದಕ್ಕೆ ಗೊತ್ತಿರುವುದು ತಂತಿಯ ಲೆಕ್ಕ, ನಕ್ಷೆಯ ಗಡಿಯಲ್ಲ.

ನಿಮ್ಮಲ್ಲಿ ಆಗುತ್ತಿರುವುದು ಇದು. ಡೊಮೇನ್ ಹುಟ್ಟುವಾಗ ಡಿಫಾಲ್ಟ್-ಫಸ್ಟ್-ಸೈಟ್-ನೇಮ್ ಎಂಬ ಒಂದೇ ಸೈಟ್ ಇರುತ್ತದೆ. ಯಾರೂ ಮುಟ್ಟದಿದ್ದರೆ ಆಮೇಲೆ ಬರುವ ಡಿಸಿಗಳೆಲ್ಲ ಅದರೊಳಕ್ಕೇ ಸೇರುತ್ತವೆ. ಬಳ್ಳಾರಿಯ ಕಂಪ್ಯೂಟರ್ ಬೆಳಿಗ್ಗೆ ಆನ್ ಆದಾಗ ಡಿಎನ್‌ಎಸ್‌ಗೆ (ಹೆಸರು ಕೇಳಿದರೆ ವಿಳಾಸ ಹೇಳುವ ಸೇವೆಗೆ) ಕೇಳುವುದು ‘ಈ ಡೊಮೇನಿನ ಡಿಸಿ ಯಾರು?’ ಎಂದು. ಡಿಎನ್‌ಎಸ್ ಮೂರೂ ಹೆಸರನ್ನು ಕೊಡುತ್ತದೆ. ಮೂರರ ಪ್ರಯಾರಿಟಿಯೂ ವೇಟೂ (ಯಾರು ಮೊದಲು ಎಂದು ಹೇಳುವ ಅಂಕಿಗಳು) ಒಂದೇ ಆಗಿರುವುದರಿಂದ ಆಯ್ಕೆ ಚೀಟಿ ಎತ್ತಿದ ಹಾಗೆ. ಪಕ್ಕದ ಕೋಣೆಯಲ್ಲಿ ಎರಡು ಡಿಸಿ ಇದ್ದರೂ ಮೂರರಲ್ಲಿ ಒಂದು ಪಾಲು ಸಲ ಕಂಪ್ಯೂಟರ್ ರಾಯಚೂರಿಗೆ ಹೋಗುತ್ತದೆ, ಗ್ರೂಪ್ ಪಾಲಿಸಿಯನ್ನೂ (ಕಂಪ್ಯೂಟರ್‌ಗಳಿಗೆ ಹಾಕಿದ ನಿಯಮಗಳು) ಲಾಗಿನ್ ಸ್ಕ್ರಿಪ್ಟನ್ನೂ ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ನೀವು ಹಾಕಿಸಿದ ಡಿಸಿಯ ತಪ್ಪಿಲ್ಲ. ಅದು ರಾಯಚೂರಿನಲ್ಲಿದೆ ಎಂದು ಡೈರೆಕ್ಟರಿಗೆ ಯಾರೂ ಹೇಳಿಲ್ಲ.

ಸೈಟ್ ಇದ್ದಾಗ ನಡೆಯುವುದೇ ಬೇರೆ. ಕಂಪ್ಯೂಟರ್ ಯಾವುದೋ ಒಂದು ಡಿಸಿಗೆ 389ನೇ ಯುಡಿಪಿ ಪೋರ್ಟ್‌ನಲ್ಲಿ ಒಂದು ಸಣ್ಣ ಪ್ರಶ್ನೆ ಕಳಿಸುತ್ತದೆ. ಡಿಸಿ ಆ ಪ್ರಶ್ನೆ ಬಂದ ಐಪಿ ವಿಳಾಸವನ್ನು ನೋಡಿ, ಸಬ್‌ನೆಟ್ ಪಟ್ಟಿಯಲ್ಲಿ ಹುಡುಕಿ, ‘ನೀನು ಇಂಥ ಸೈಟಿನವನು’ ಎಂದು ಉತ್ತರಿಸುತ್ತದೆ. ಕಂಪ್ಯೂಟರ್ ಅದನ್ನು ರಿಜಿಸ್ಟ್ರಿಯಲ್ಲಿ ಬರೆದಿಟ್ಟುಕೊಂಡು, ಮುಂದೆ ಆ ಸೈಟಿನ ಡಿಸಿಯನ್ನೇ ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ಅಂದರೆ ಇಡೀ ವ್ಯವಸ್ಥೆ ನಿಂತಿರುವುದು ಸಬ್‌ನೆಟ್ ಪಟ್ಟಿಯ ಮೇಲೆ. ಸೈಟ್ ಮಾಡಿ ಸಬ್‌ನೆಟ್ ಬರೆಯದೆ ಬಿಟ್ಟರೆ ಹೆಸರಿಲ್ಲದ ಓಣಿಗೆ ಅಂಚೆಪೆಟ್ಟಿಗೆ ಇಟ್ಟಂತೆ.

ಈಗ ನಿಮ್ಮ ಒಂಬತ್ತು ಊರು. ಡಿಸಿ ಇಲ್ಲದ, ಸೈಟ್ ನೋಡಿ ನಡೆಯುವ ಬೇರೆ ಸೇವೆಯೂ ಇಲ್ಲದ ಶಾಖೆಗೆ (ಒಂದೇ ಫೈಲ್‌ಗಳನ್ನು ಹಲವು ಸರ್ವರ್‌ಗಳಲ್ಲಿಟ್ಟು ಹತ್ತಿರದ್ದನ್ನು ತೋರಿಸುವ ಡಿಎಫ್‌ಎಸ್ ಅಂಥ ಸೇವೆ) ಪ್ರತ್ಯೇಕ ಸೈಟ್ ಬೇಕಿಲ್ಲ. ಅದರ ಸಬ್‌ನೆಟ್ಟನ್ನು, ಅದರ ತಂತಿ ಯಾವ ಊರಿಗೆ ಹೋಗುತ್ತದೋ ಆ ಸೈಟಿಗೆ ಸೇರಿಸಿ. ಆಗ ಉಳಿಯುವುದು ಎರಡೇ ಸೈಟ್: ಬಳ್ಳಾರಿ, ರಾಯಚೂರು. ಎಡವುವುದು ಲಿಂಗಸುಗೂರಿನಲ್ಲಿ. ಅದು ರಾಯಚೂರು ಜಿಲ್ಲೆ, ಆದ್ದರಿಂದ ರಾಯಚೂರು ಸೈಟ್ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಅಲ್ಲಿನ ವಿಪಿಎನ್ ಟನಲ್ (ಇಂಟರ್‌ನೆಟ್ ಮೇಲೆ ಕಚೇರಿಗಳನ್ನು ಜೋಡಿಸುವ ಖಾಸಗಿ ದಾರಿ) ಬಳ್ಳಾರಿಗೆ ಕಟ್ಟಿದ್ದರೆ ಪ್ರತಿ ಲಾಗಿನ್ನೂ ಬಳ್ಳಾರಿಗೆ ಬಂದು, ಅಲ್ಲಿಂದ ರಾಯಚೂರಿಗೆ ಹೋಗಿ, ಅದೇ ದಾರಿಯಲ್ಲಿ ಮರಳಬೇಕು. ಹಾಗಿದ್ದಲ್ಲಿ ಲಿಂಗಸುಗೂರು ಬಳ್ಳಾರಿ ಸೈಟಿಗೇ ಸೇರಲಿ. ಸಿಂಧನೂರಿಗೂ ಇದೇ ಲೆಕ್ಕ. ಮೊದಲು ಟನಲ್‌ಗಳ ಚಿತ್ರ ಬಿಡಿಸಿ, ಸೈಟಿನ ಹೆಸರು ಆಮೇಲೆ.

ಕೆಲಸದ ಕ್ರಮವೂ ಮುಖ್ಯ. ‘ಆಕ್ಟಿವ್ ಡೈರೆಕ್ಟರಿ ಸೈಟ್ಸ್ ಅಂಡ್ ಸರ್ವಿಸಸ್’ ತೆರೆದು, ಡಿಫಾಲ್ಟ್ ಸೈಟಿಗೆ ಬಳ್ಳಾರಿ ಎಂದು ಹೆಸರು ಬದಲಿಸಿ, ರಾಯಚೂರು ಎಂಬ ಹೊಸ ಸೈಟ್ ಮಾಡಿ. ಸಬ್‌ನೆಟ್‌ಗಳನ್ನೆಲ್ಲ ಸೇರಿಸಿ, ಪ್ರತಿಯೊಂದಕ್ಕೂ ಅದರ ಸೈಟ್ ಆರಿಸಿ. ಎರಡರ ನಡುವೆ ಸೈಟ್ ಲಿಂಕ್ (ಎರಡೂ ಕಡೆಯ ಡಿಸಿಗಳು ಬದಲಾವಣೆ ಹಂಚಿಕೊಳ್ಳುವ ದಾರಿಯ ದಾಖಲೆ) ಇದೆಯೇ ನೋಡಿ. ಆಮೇಲಷ್ಟೇ ರಾಯಚೂರಿನ ಡಿಸಿಯ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಮೂವ್’ ಒತ್ತಿ ಹೊಸ ಸೈಟಿಗೆ ಕಳಿಸಿ. ಈ ಕೊನೆಯ ಹೆಜ್ಜೆ ತಾನಾಗಿ ಆಗುವುದಿಲ್ಲ. ಒಮ್ಮೆ ಸ್ಥಾಪನೆಯಾದ ಡಿಸಿ ಸಬ್‌ನೆಟ್ ನೋಡಿಕೊಂಡು ಎದ್ದು ಹೋಗುವುದಿಲ್ಲ, ಕೈಯಾರೆ ಸರಿಸಬೇಕು. ಸರಿಸಿದ ಮೇಲೆ ಆ ಡಿಸಿಯಲ್ಲಿ ನೆಟ್‌ಲಾಗಾನ್ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಡಿಎನ್‌ಎಸ್ ದಾಖಲೆಗಳು ಹೊಸ ಸೈಟಿನ ಹೆಸರಿನಲ್ಲಿ ಬರೆಯಲ್ಪಡುತ್ತವೆ. ಸಂಜೆ ಕಚೇರಿ ಮುಚ್ಚಿದ ಮೇಲೆ ಒಂದು ಗಂಟೆಯ ಕೆಲಸ. ಸರ್ವರ್ ರೀಬೂಟ್ ಬೇಡ.

ಪ್ರಶ್ನೆ: ಸಬ್‌ನೆಟ್ ಪಟ್ಟಿ ಮಾಡಲು ಕೂತರೆ ನಮ್ಮ ಆರು ಶಾಖೆಯಲ್ಲಿ ಐದು 192.168.1.0 ಎಂದೇ ಇವೆ. ಇಂಟರ್‌ನೆಟ್ ಹಾಕಿದವರು ಕೊಟ್ಟ ರೌಟರ್‌ನಲ್ಲಿ ಹಾಗೇ ಬಂದಿತ್ತು. ಟನಲ್‌ನಲ್ಲಿ ನ್ಯಾಟ್ (ವಿಳಾಸ ಬದಲಿಸಿ ಕಳಿಸುವ ಉಪಾಯ) ಮಾಡಿ ಹೇಗೋ ನಡೆಸುತ್ತಿದ್ದೇವೆ. ಇದರ ಮೇಲೆಯೇ ಸೈಟ್ ಮಾಡಬಹುದೇ? (ಗಂಗಾವತಿ)

ಉತ್ತರ: ಆಗದು. ಡಿಸಿಗೆ ಕಾಣುವುದು ಪ್ರಶ್ನೆ ಬಂದ ವಿಳಾಸ ಮಾತ್ರ. ನ್ಯಾಟ್ ಹಿಂದಿನ ಐದೂ ಶಾಖೆ ಒಂದೇ ವಿಳಾಸದಿಂದ ಬಂದಂತೆ ಕಂಡರೆ ಐದಕ್ಕೂ ಒಂದೇ ಸೈಟ್ ಸಿಗುತ್ತದೆ. ಶಾಖೆಯಲ್ಲಿ ಡಿಸಿ ಇಟ್ಟರಂತೂ ಅದಕ್ಕೂ ನ್ಯಾಟ್‌ಗೂ ಹೊಂದುವುದೇ ಇಲ್ಲ. ವಿಳಾಸ ಬದಲಿಸಿ. ಒಂದು ಭಾನುವಾರಕ್ಕೆ ಒಂದು ಶಾಖೆ ಎಂದುಕೊಂಡರೆ ಒಂದೂವರೆ ತಿಂಗಳಲ್ಲಿ ಮುಗಿಯುತ್ತದೆ.

ಇಡೀ ಸಂಸ್ಥೆಗೆ 10.31.0.0/16 ಎಂದು ಎತ್ತಿಡಿ (ಓರೆಗೆರೆಯ ನಂತರದ ಅಂಕಿ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು). ಮುಖ್ಯ ಕಚೇರಿಗೆ 10.31.0.0/21, ಅಂದರೆ ಮೂರನೇ ಅಂಕಿ 0ಯಿಂದ 7ರವರೆಗೆ. ಪ್ರತಿ ಶಾಖೆಗೆ ಒಂದು /22, ಅಂದರೆ ನಾಲ್ಕು ತುಂಡು: ಗಂಗಾವತಿಗೆ 10.31.8.0, ಮುಂದಿನದಕ್ಕೆ 10.31.12.0, ಅದರ ಮುಂದಿನದಕ್ಕೆ 10.31.16.0, ಹೀಗೆ. ಶಾಖೆಯ ಮೊದಲ ತುಂಡು ಕಂಪ್ಯೂಟರ್‌ಗಳಿಗೆ, ಎರಡನೆಯದು ಪ್ರಿಂಟರ್, ಬೆರಳಚ್ಚು ಹಾಜರಾತಿ ಯಂತ್ರ, ಸಿಸಿ ಕ್ಯಾಮೆರಾಗಳಿಗೆ, ಮೂರನೆಯದು ಬಂದುಹೋಗುವವರ ವೈಫೈಗೆ. ನಾಲ್ಕನೆಯದು ಖಾಲಿ ಇರಲಿ. ಎರಡು ವರ್ಷದಲ್ಲಿ ತೂಕದ ಕಾಟಾವೂ ನೆಟ್‌ವರ್ಕಿಗೆ ಬರುತ್ತದೆ.

ಹೀಗೆ ಜೋಡಿಸಿದರೆ ಒಂದು ಅನುಕೂಲವಿದೆ. ಎರಡು ಸಬ್‌ನೆಟ್ ಒಂದರೊಳಗೊಂದು ಬಂದಾಗ ಡೈರೆಕ್ಟರಿ ಚಿಕ್ಕದನ್ನೇ ಹಿಡಿಯುತ್ತದೆ. ಇಡೀ /16 ಅನ್ನು ಮುಖ್ಯ ಕಚೇರಿಯ ಸೈಟಿಗೆ ಬರೆದು, ಡಿಸಿ ಇರುವ ಶಾಖೆಯ /22 ಅನ್ನು ಅದರ ಸೈಟಿಗೆ ಬರೆದರೆ, ನಾಳೆ ಯಾರೋ ಹೇಳದೆ ಕೇಳದೆ ತೆರೆದ ಗೋದಾಮಿನ ಕಂಪ್ಯೂಟರ್ ಕೂಡ ಅನಾಥವಾಗದೆ ಮುಖ್ಯ ಕಚೇರಿಗೆ ಬರುತ್ತದೆ. ತೊಂದರೆಯೂ ಇದೆ: ಮರೆತ ಸಬ್‌ನೆಟ್ ಲಾಗ್‌ನಲ್ಲಿ ಕಾಣಿಸಿಕೊಳ್ಳುವುದಿಲ್ಲ, ಅದು ಸದ್ದಿಲ್ಲದೆ ದೂರದ ಡಿಸಿಯನ್ನು ಬಳಸುತ್ತಲೇ ಇರುತ್ತದೆ. ಆದ್ದರಿಂದ ಮೊದಲ ತಿಂಗಳು /16 ಹಾಕದೆ ನಡೆಸಿ, ಯಾವ ವಿಳಾಸ ತಪ್ಪಿಸಿಕೊಂಡಿದೆ ನೋಡಿ, ಆಮೇಲೆ ಹಾಕಿ. ಮನೆಯಿಂದ ವಿಪಿಎನ್ ಹಿಡಿದು ಬರುವವರಿಗೆ ಫೈರ್‌ವಾಲ್ ಹಂಚುವ ವಿಳಾಸಗಳನ್ನೂ ಪಟ್ಟಿಗೆ ಸೇರಿಸಿ. ಹತ್ತರಲ್ಲಿ ಎಂಟು ಕಡೆ ಬಿಟ್ಟುಹೋಗುವುದು ಅದೇ.

ಪ್ರಶ್ನೆ: ಜಿನ್ನಿಂಗ್ ಮಿಲ್ಲಿನ ಲೆಕ್ಕದ ಗುಮಾಸ್ತರೊಬ್ಬರನ್ನು ಕೆಲಸದಿಂದ ತೆಗೆದ ಮೇಲೆ ರಾಯಚೂರಿನಲ್ಲಿ ಅವರ ಅಕೌಂಟ್ ಡಿಸೇಬಲ್ ಮಾಡಿದೆವು. ಎರಡು ಗಂಟೆ ಬಿಟ್ಟು ಸಿಂಧನೂರಿನ ಕಂಪ್ಯೂಟರ್‌ನಲ್ಲಿ ಅವರು ಲಾಗಿನ್ ಆದರು! ರಾಯಚೂರು, ಸಿಂಧನೂರು, ಕೊಪ್ಪಳ, ಬಳ್ಳಾರಿ ನಾಲ್ಕೂ ಕಡೆ ಡಿಸಿ ಇದೆ, ನಾಲ್ಕು ಸೈಟ್ ಇದೆ, ಎಲ್ಲವೂ ಡಿಫಾಲ್ಟ್ ಲಿಂಕಿನಲ್ಲೇ ಇವೆ. ಇವೆಂಟ್ ಲಾಗ್‌ನಲ್ಲಿ 1311 ಎಂಬ ದೋಷವೂ ಆಗಾಗ ಕಾಣುತ್ತದೆ. (ರಾಯಚೂರು)

ಉತ್ತರ: ಡಿಫಾಲ್ಟ್ ಐಪಿ ಸೈಟ್ ಲಿಂಕ್ 180 ನಿಮಿಷಕ್ಕೊಮ್ಮೆ ರೆಪ್ಲಿಕೇಷನ್ (ಡಿಸಿಗಳ ನಡುವೆ ಬದಲಾವಣೆಗಳ ನಕಲು) ಮಾಡುತ್ತದೆ. ಎರಡು ಗಂಟೆಗೆ ಸುದ್ದಿ ಸಿಂಧನೂರಿಗೆ ತಲುಪಿರಲಿಲ್ಲ, ಅಷ್ಟೇ. ಒಂದೇ ಸೈಟಿನೊಳಗಾದರೆ ಬದಲಾವಣೆಯಾದ 15 ಸೆಕೆಂಡಿಗೆ ಪಕ್ಕದ ಡಿಸಿಗೆ ತಿಳಿಸಲಾಗುತ್ತದೆ. ಸೈಟ್ ದಾಟುವಾಗ ವೇಳಾಪಟ್ಟಿ ಕಾಯುತ್ತದೆ. ಪಾಸ್‌ವರ್ಡ್ ಬದಲಾವಣೆಗೆ ಮಾತ್ರ ಒಳದಾರಿ ಉಂಟು: ಅದು ಕೂಡಲೇ ಪಿಡಿಸಿ ಎಮ್ಯುಲೇಟರ್ (ಪಾಸ್‌ವರ್ಡ್ ವಿಷಯದಲ್ಲಿ ಕಡೆಯ ಮಾತು ಹೇಳುವ ಹೊಣೆ) ಇರುವ ಡಿಸಿಗೆ ಹೋಗುತ್ತದೆ, ಬೇರೆ ಡಿಸಿಗೆ ಪಾಸ್‌ವರ್ಡ್ ತಾಳೆಯಾಗದಿದ್ದರೆ ಅದು ಪಿಡಿಸಿಯನ್ನೇ ಕೇಳುತ್ತದೆ. ಅಕೌಂಟ್ ಡಿಸೇಬಲ್ ಮಾಡುವುದಕ್ಕೆ ಆ ಸೌಲಭ್ಯವಿಲ್ಲ.

ಲಿಂಕಿನ ಇಂಟರ್ವಲ್ ಅನ್ನು 15 ನಿಮಿಷಕ್ಕೆ ಇಳಿಸಿ. ಅದಕ್ಕಿಂತ ಕಡಿಮೆ ಒಪ್ಪುವುದಿಲ್ಲ. ಇವತ್ತಿನ ಫೈಬರ್ ಸಂಪರ್ಕದಲ್ಲಿ ಇಷ್ಟು ಸಣ್ಣ ಡೈರೆಕ್ಟರಿಗೆ ಅದು ಭಾರವೇ ಅಲ್ಲ. ಮೂರು ಗಂಟೆಯ ಅಂತರ 64 ಕಿಲೋಬಿಟ್ ಲೈನ್‌ಗಳ ಕಾಲದ ಜಿಪುಣತನ. ಇನ್ನೂ ಬೇಗ ಬೇಕೆಂದರೆ ಲಿಂಕಿನ ಪ್ರಾಪರ್ಟೀಸ್‌ನಲ್ಲಿ ಆಟ್ರಿಬ್ಯೂಟ್ ಎಡಿಟರ್ ತೆರೆದು ‘ಆಪ್ಶನ್ಸ್’ ಎಂಬುದಕ್ಕೆ 1 ಎಂದು ಕೊಡಿ. ಆಗ ಸೈಟ್ ದಾಟಿಯೂ ಸೆಕೆಂಡುಗಳಲ್ಲಿ ಸುದ್ದಿ ಮುಟ್ಟುತ್ತದೆ. ಅಲ್ಲಿ ಮೊದಲೇ ಬೇರೆ ಅಂಕಿಯಿದ್ದರೆ ಅಳಿಸಬೇಡಿ. ಅದು ಸಮಸಂಖ್ಯೆಯಾಗಿದ್ದರೆ 1 ಕೂಡಿಸಿ ಬರೆಯಿರಿ, ಬೆಸಸಂಖ್ಯೆಯಾಗಿದ್ದರೆ ಆ ಸೌಲಭ್ಯ ಆಗಲೇ ಆನ್ ಆಗಿದೆ.

ಯಾರನ್ನಾದರೂ ತೆಗೆದ ದಿನ ಇದನ್ನೂ ನಂಬಿ ಕೂರಬೇಡಿ. ಅಕೌಂಟ್ ಡಿಸೇಬಲ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಅದೇ ಡಿಸಿಯಲ್ಲಿ, ರೆಪ್ಲಿಕೇಷನ್ ನೋಡಿಕೊಳ್ಳುವ ರೆಪ್‌ಅಡ್ಮಿನ್ ಕಮಾಂಡಿನ ಸಿಂಕ್‌ಆಲ್ ಅನ್ನು ಎ, ಡಿ, ಇ, ಪಿ ನಾಲ್ಕೂ ಸ್ವಿಚ್‌ಗಳೊಂದಿಗೆ ಓಡಿಸಿ. ಎ ಮತ್ತು ಪಿ ದೊಡ್ಡಕ್ಷರ, ಡಿ ಮತ್ತು ಇ ಸಣ್ಣಕ್ಷರ. ಪಿ ಬಿಟ್ಟರೆ ಡಿಸಿ ಬೇರೆಯವರಿಂದ ಎಳೆದುಕೊಳ್ಳುತ್ತದೆಯೇ ಹೊರತು ತನ್ನದನ್ನು ತಳ್ಳುವುದಿಲ್ಲ. ಕಮಾಂಡ್ ‘ಯಶಸ್ವಿ’ ಎನ್ನುತ್ತದೆ, ಸಿಂಧನೂರಿಗೆ ಏನೂ ಹೋಗಿರುವುದಿಲ್ಲ. ಆ ವ್ಯಕ್ತಿ ಕೂತಿದ್ದ ಕಂಪ್ಯೂಟರನ್ನೂ ಲಾಗ್ಆಫ್ ಮಾಡಿಸಿ. ಒಮ್ಮೆ ಪಡೆದ ಕರ್ಬರೋಸ್ ಟಿಕೆಟ್‌ಗೆ (ಲಾಗಿನ್ ಆದವರಿಗೆ ಡಿಸಿ ಕೊಡುವ ಪ್ರವೇಶ ಚೀಟಿ) ಡಿಫಾಲ್ಟ್ ಆಗಿ 10 ಗಂಟೆ ಆಯಸ್ಸು.

ಇನ್ನು 1311. ನಾಲ್ಕೂ ಸೈಟ್ ಒಂದೇ ಲಿಂಕಿನಲ್ಲಿದ್ದರೆ ಡೈರೆಕ್ಟರಿ ತಿಳಿಯುವುದು, ಯಾರು ಯಾರ ಜೊತೆ ಬೇಕಾದರೂ ಮಾತಾಡಬಹುದು, ಖರ್ಚು ಒಂದೇ ಎಂದು. 15 ನಿಮಿಷಕ್ಕೊಮ್ಮೆ ದಾರಿ ಲೆಕ್ಕ ಹಾಕುವ ಕೆಸಿಸಿ ಎಂಬ ಪ್ರಕ್ರಿಯೆ ಕೊಪ್ಪಳವನ್ನು ಸಿಂಧನೂರಿಗೆ ಜೋಡಿಸಬಹುದು. ನಿಮ್ಮ ಫೈರ್‌ವಾಲ್ ಆ ಎರಡರ ನಡುವೆ ದಾರಿ ಬಿಟ್ಟಿರುವುದಿಲ್ಲ, ರೆಪ್ಲಿಕೇಷನ್ ನಿಲ್ಲುತ್ತದೆ. ಡಿಫಾಲ್ಟ್ ಲಿಂಕನ್ನು ಬಿಟ್ಟು ಜೋಡಿ ಜೋಡಿಯಾಗಿ ಮೂರು ಲಿಂಕ್ ಮಾಡಿ: ರಾಯಚೂರು–ಸಿಂಧನೂರು, ರಾಯಚೂರು–ಕೊಪ್ಪಳ, ರಾಯಚೂರು–ಬಳ್ಳಾರಿ. ಒಂದು ಲಿಂಕಿನಲ್ಲಿ ಎರಡೇ ಸೈಟ್. ಮೂರನ್ನೂ ಮಾಡಿದ ಮೇಲೆಯೇ ಹಳೆಯದನ್ನು ಅಳಿಸಿ, ತಲೆಕೆಳಗು ಮಾಡಬೇಡಿ. ರಾಯಚೂರಿನ ರೌಟರ್ ಮೂಲಕ ಶಾಖೆ ಶಾಖೆಗಳು ಪರಸ್ಪರ ತಲುಪುತ್ತವೆ ಎಂದಾದರೆ ‘ಬ್ರಿಜ್ ಆಲ್ ಸೈಟ್ ಲಿಂಕ್ಸ್’ (ಒಂದು ಲಿಂಕಿನಿಂದ ಇನ್ನೊಂದಕ್ಕೂ ದಾರಿಯಿದೆ ಎಂದುಕೊಳ್ಳುವ ಆಯ್ಕೆ) ಟಿಕ್ ಇರಲಿ. ತಲುಪುವುದೇ ಇಲ್ಲವೆಂದರೆ ತೆಗೆಯಿರಿ, ಇಲ್ಲವಾದರೆ ರಾಯಚೂರಿನ ಡಿಸಿ ಬಿದ್ದ ದಿನ ಕೆಸಿಸಿ ಮತ್ತೆ ಇಲ್ಲದ ದಾರಿ ಹುಡುಕುತ್ತದೆ. ಆದರೆ ಡಿಎಫ್‌ಎಸ್ ಹತ್ತಿರದ ಫೈಲ್ ಸರ್ವರ್ ಆರಿಸುವುದು ಈ ಟಿಕ್ ನಂಬಿಕೊಂಡೇ. ಅದನ್ನು ಬಳಸುವವರು ಟಿಕ್ ತೆಗೆಯುವ ಬದಲು ಫೈರ್‌ವಾಲ್‌ನಲ್ಲಿ ದಾರಿ ಬಿಡುವುದು ಲೇಸು.

ಲಿಂಕಿನ ಕಾಸ್ಟ್ (ಮೇಲೆ ಹೇಳಿದ ಖರ್ಚಿನ ಅಂಕಿ, ಕಡಿಮೆಯಿರುವ ದಾರಿಗೇ ಆದ್ಯತೆ) ಎಷ್ಟಿಡಬೇಕು ಎಂದು ಇನ್ನಿಬ್ಬರು ಕೇಳಿದ್ದಾರೆ. 1024 ಅನ್ನು ಕಿಲೋಬಿಟ್ ವೇಗದ ಲಾಗರಿದಮ್‌ನಿಂದ ಭಾಗಿಸುವ ಹಳೆಯ ಸೂತ್ರವಿದೆ: 64 ಕಿಲೋಬಿಟ್‌ಗೆ 567, 1024ಕ್ಕೆ 340, 100 ಮೆಗಾಬಿಟ್‌ಗೆ 205. ಈಗ ಎಲ್ಲ ಶಾಖೆಯಲ್ಲೂ ಬ್ರಾಡ್‌ಬ್ಯಾಂಡೇ ಇರುವಾಗ ಆ ಲೆಕ್ಕದಿಂದ ಹೆಚ್ಚೇನೂ ಸಿಗದು. ಮುಖ್ಯ ದಾರಿಗೆ 100, ಅದು ಕೆಟ್ಟಾಗ ಮಾತ್ರ ಬೇಕಾದ ದಾರಿಗೆ 300 ಎಂದಿಡಿ. ಅಂಕಿಗಿಂತ ಅಂಕಿಗಳ ನಡುವಿನ ಹೋಲಿಕೆ ಮುಖ್ಯ. ‘ಪ್ರಿಫರ್ಡ್ ಬ್ರಿಜ್‌ಹೆಡ್’ (ಸೈಟಿನ ಪರವಾಗಿ ಹೊರಗಿನ ಸೈಟ್‌ಗಳ ಜೊತೆ ಮಾತಾಡುವ ಡಿಸಿ) ಎಂದು ಯಾವ ಡಿಸಿಯನ್ನೂ ಗೊತ್ತುಮಾಡಬೇಡಿ. ಹಾಗೆ ಮಾಡಿ ಆ ಡಿಸಿ ಕೆಟ್ಟರೆ, ಪಕ್ಕದಲ್ಲೇ ಇನ್ನೊಂದಿದ್ದರೂ ಕೆಸಿಸಿ ಅದನ್ನು ಎತ್ತಿಕೊಳ್ಳುವುದಿಲ್ಲ.

ಪ್ರಶ್ನೆ: ನಮ್ಮ ಪತ್ತಿನ ಸಂಘದ ಕುಷ್ಟಗಿ ಶಾಖೆಯಲ್ಲಿ ಏಳು ಕಂಪ್ಯೂಟರ್. ಲೈನ್ ಹೋದರೆ ಲಾಗಿನ್ ಆಗುವುದಿಲ್ಲವೆಂದು ಅಲ್ಲೊಂದು ಡಿಸಿ ಕೇಳುತ್ತಿದ್ದಾರೆ. ಸರ್ವರ್ ಇಡಲು ಜಾಗವೆಂದರೆ ಕ್ಯಾಶ್ ಕೌಂಟರಿನ ಕೆಳಗೆ. (ಕೊಪ್ಪಳ)

ಉತ್ತರ: ಬೇಡ. ವಿಂಡೋಸ್ ಕಂಪ್ಯೂಟರ್ ತನ್ನಲ್ಲಿ ಕಡೆಯದಾಗಿ ಲಾಗಿನ್ ಆದ 10 ಜನರ ಗುರುತನ್ನು ಡಿಫಾಲ್ಟ್ ಆಗಿಯೇ ಇಟ್ಟುಕೊಂಡಿರುತ್ತದೆ, ಲೈನ್ ಇಲ್ಲದಾಗಲೂ ಅವರನ್ನು ಒಳಗೆ ಬಿಡುತ್ತದೆ. ಖಾತೆಯ ಲೆಕ್ಕದ ಸಾಫ್ಟ್‌ವೇರ್ ಮುಖ್ಯ ಕಚೇರಿಯಲ್ಲಿದ್ದರೆ ಲೈನ್ ಇಲ್ಲದೆ ಲಾಗಿನ್ ಆಗಿ ಮಾಡುವುದಾದರೂ ಏನು? ಡಿಸಿಯ ದುಡ್ಡಿನಲ್ಲಿ ಎರಡನೇ ಇಂಟರ್‌ನೆಟ್ ಲೈನ್ ತೆಗೆದುಕೊಳ್ಳಿ, ಒಂದು ಫೈಬರ್, ಇನ್ನೊಂದು ಸಿಮ್ ಹಾಕುವ ರೌಟರ್.

ಶಾಖೆ ಬೆಳೆದು, ಅಲ್ಲೇ ಫೈಲ್ ಸರ್ವರ್ ಬಂದು, ಡಿಸಿ ಬೇಕೇ ಬೇಕು ಎಂದಾದರೆ ಓದಲಷ್ಟೇ ಬರುವ ಡಿಸಿ, ಅಂದರೆ ಆರ್‌ಒಡಿಸಿ ಹಾಕಿ. ಕೌಂಟರಿನ ಕೆಳಗಿನ ಪೆಟ್ಟಿಗೆಯನ್ನು ಯಾರಾದರೂ ಹೊತ್ತೊಯ್ದರೆ ಸಾಮಾನ್ಯ ಡಿಸಿಯಲ್ಲಿ ಇಡೀ ಸಂಘದ ಪಾಸ್‌ವರ್ಡ್ ಗುರುತುಗಳು ಹೋದಂತೆ. ಆರ್‌ಒಡಿಸಿಯಲ್ಲಿ ಇರುವುದು ನೀವು ಅನುಮತಿಸಿದವರದ್ದು ಮಾತ್ರ. ಕಳುವಾದರೆ ಡೈರೆಕ್ಟರಿಯಿಂದ ಆ ಆರ್‌ಒಡಿಸಿಯ ಹೆಸರು ಅಳಿಸುವಾಗಲೇ, ಅದರಲ್ಲಿದ್ದ ಅಕೌಂಟ್‌ಗಳ ಪಾಸ್‌ವರ್ಡ್ ರೀಸೆಟ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಇಲ್ಲಿ ಎಲ್ಲರೂ ಮಾಡುವ ಎಡವಟ್ಟು ಒಂದಿದೆ. ಅನುಮತಿ ಗುಂಪಿಗೆ ಶಾಖೆಯ ಸಿಬ್ಬಂದಿಯನ್ನು ಸೇರಿಸಿ ಕಂಪ್ಯೂಟರ್‌ಗಳನ್ನು ಮರೆಯುತ್ತಾರೆ. ಡೊಮೇನಿನಲ್ಲಿ ಕಂಪ್ಯೂಟರ್‌ಗೂ ತನ್ನದೇ ಪಾಸ್‌ವರ್ಡ್ ಇದೆ. ಅದು ಆರ್‌ಒಡಿಸಿಯಲ್ಲಿಲ್ಲದಿದ್ದರೆ ಲೈನ್ ಹೋದ ದಿನ ಸಿಬ್ಬಂದಿಯ ಪಾಸ್‌ವರ್ಡ್ ಇದ್ದೂ ಲಾಗಿನ್ ಕೈಕೊಡುತ್ತದೆ. ಏಳು ಜನ, ಏಳು ಕಂಪ್ಯೂಟರ್, ಹದಿನಾಲ್ಕೂ ಹೆಸರು ಸೇರಿಸಿ, ‘ಪ್ರೀಪಾಪ್ಯುಲೇಟ್’ ಒತ್ತಿ ಮೊದಲೇ ತುಂಬಿಸಿ. ನಿಮ್ಮದು ಒಂದೇ ಡೊಮೇನಾದ್ದರಿಂದ ಅದನ್ನು ಗ್ಲೋಬಲ್ ಕ್ಯಾಟಲಾಗ್ (ಎಲ್ಲ ಡೊಮೇನ್‌ಗಳ ಹೆಸರುಗಳ ಸೂಚಿ ಇಟ್ಟುಕೊಳ್ಳುವ ಡಿಸಿ) ಕೂಡ ಮಾಡಿ, ಹೆಚ್ಚುವರಿ ಹೊರೆಯಿಲ್ಲ.

ಪ್ರಶ್ನೆ: ಸಬ್‌ನೆಟ್, ಸೈಟ್ ಎಲ್ಲ ಸರಿ ಮಾಡಿದ್ದೇವೆ. ಆದರೂ ಸಿರುಗುಪ್ಪದ ಕೆಲವು ಕಂಪ್ಯೂಟರ್‌ಗಳಲ್ಲಿ ‘ಡೊಮೇನ್ ಸಿಗುತ್ತಿಲ್ಲ’ ಎಂದು ಬರುತ್ತದೆ, ಉಳಿದವು ನಿಧಾನ. ಪಿಂಗ್ ಮಾತ್ರ ಸಲೀಸಾಗಿ ಹೋಗುತ್ತದೆ. (ಸಿರುಗುಪ್ಪ)

ಉತ್ತರ: ಇವು ಎರಡು ಬೇರೆ ಕಾಯಿಲೆ ಇರಬಹುದು. ಸಿಗುತ್ತಿಲ್ಲ ಎನ್ನುವ ಕಂಪ್ಯೂಟರಿನ ಡಿಎನ್‌ಎಸ್ ವಿಳಾಸ ನೋಡಿ. ಡಿಸಿಯ ವಿಳಾಸದ ಕೆಳಗೆ ಎರಡನೆಯದಾಗಿ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಬರೆದಿದ್ದರೆ ಅದೇ ಕಾರಣ. ‘ಮೊದಲನೆಯದು ಸಿಗದಿದ್ದರೆ ಇರಲಿ’ ಎಂದು ಬರೆದಿರುತ್ತಾರೆ, ಆದರೆ ವಿಂಡೋಸ್ ಒಮ್ಮೆ ಎರಡನೆಯದಕ್ಕೆ ಜಾರಿದರೆ ಅಲ್ಲೇ ಕೂತುಬಿಡುತ್ತದೆ, ಹೊರಗಿನ ಡಿಎನ್‌ಎಸ್‌ಗೆ ನಿಮ್ಮ ಡೊಮೇನಿನ ಹೆಸರೇ ಗೊತ್ತಿಲ್ಲ. ಎರಡೂ ಸಾಲಿನಲ್ಲಿ ನಿಮ್ಮ ಡಿಸಿಗಳೇ ಇರಲಿ. ಹೊರಗಿನ ವಿಳಾಸವನ್ನು ಡಿಸಿಯ ಡಿಎನ್‌ಎಸ್ ಸರ್ವರ್‌ನಲ್ಲಿ ಫಾರ್ವರ್ಡರ್ ಆಗಿ, ಅಂದರೆ ತನಗೆ ಗೊತ್ತಿಲ್ಲದ್ದನ್ನು ಕೇಳುವ ಕಡೆಯಾಗಿ, ಬರೆಯಿರಿ.

ಉಳಿದವು ನಿಧಾನ ಎಂದರೆ ಟನಲ್‌ನ ಎಂಟಿಯು (ಒಂದು ಸಲಕ್ಕೆ ಹೋಗಬಲ್ಲ ಪೊಟ್ಟಣದ ಗರಿಷ್ಠ ಗಾತ್ರ) ಮೇಲೆ ಅನುಮಾನ. ಪಿಂಗ್ ಹೋಗುವುದು ಅದು 32 ಬೈಟಿನ ಪುಟ್ಟ ಪೊಟ್ಟಣವಾದ್ದರಿಂದ. ಎಫ್ ಸ್ವಿಚ್ ಹಾಕಿ, ಅಂದರೆ ಒಡೆಯಬಾರದೆಂದು ಹೇಳಿ, ಎಲ್ ಸ್ವಿಚ್‌ನಲ್ಲಿ 1472 ಬೈಟ್ ಕೊಟ್ಟು ಡಿಸಿಗೆ ಪಿಂಗ್ ಮಾಡಿ. ಹೋಗದಿದ್ದರೆ 10 ಬೈಟ್‌ನಂತೆ ಇಳಿಸುತ್ತ ಬನ್ನಿ. 1372ಕ್ಕೆ ಹೋಯಿತು ಎನ್ನೋಣ: ಅದಕ್ಕೆ ತಲೆಬರಹದ 28 ಸೇರಿಸಿದರೆ 1400. ಟನಲ್‌ನ ಎರಡೂ ತುದಿಯ ರೌಟರ್‌ನಲ್ಲಿ ಎಂಟಿಯು 1400, ಟಿಸಿಪಿ ಎಂಎಸ್‌ಎಸ್ (ತಲೆಬರಹ ಕಳೆದು ಉಳಿಯುವ ಮಾಹಿತಿಯ ಗಾತ್ರ) 1360 ಎಂದು ಇಡಿ. ಪೋರ್ಟ್‌ಗಳೂ ತೆರೆದಿವೆಯೇ ನೋಡಿ: 53, 88, 123, 135, 389, 445, 464, 3268. ಇದರ ಜೊತೆ ಶಾಖೆಯಲ್ಲಿ ಡಿಸಿ ಇದ್ದರಂತೂ 49152ರಿಂದ 65535ರವರೆಗಿನದು ಕಡ್ಡಾಯ. 135 ತೆರೆದು ಈ ಕೊನೆಯ ಸಾಲನ್ನು ಮುಚ್ಚಿಟ್ಟರೆ ಬಾಗಿಲು ತೆರೆದು ಮೆಟ್ಟಿಲು ಕಿತ್ತ ಹಾಗೆ.

ಪ್ರಶ್ನೆ: ಕಾರಟಗಿಯ ಅಕ್ಕಿ ಮಿಲ್ಲಿನ ಗೋದಾಮು ಕಚೇರಿ ಮುಚ್ಚಿ ಎಂಟು ತಿಂಗಳಾಗಿತ್ತು. ಅಲ್ಲಿನ ಡಿಸಿ ಹಾಗೇ ಆಫ್ ಆಗಿ ಬಿದ್ದಿದೆ. ಸುಗ್ಗಿಗೆ ಮತ್ತೆ ತೆರೆಯುತ್ತಿದ್ದೇವೆ. ಆನ್ ಮಾಡಿದರೆ ತಾನಾಗಿ ಅಪ್‌ಡೇಟ್ ಆಗುತ್ತದಲ್ಲವೇ? (ಕಾರಟಗಿ)

ಉತ್ತರ: ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟೇ ಆನ್ ಮಾಡಿ. ಡೈರೆಕ್ಟರಿಯಲ್ಲಿ ಅಳಿಸಿದ ಹೆಸರಿನ ಗುರುತು ಉಳಿಯುವುದು 180 ದಿನ. ವಿಂಡೋಸ್ ಸರ್ವರ್ 2003ರ ಸರ್ವಿಸ್ ಪ್ಯಾಕ್ 1ಕ್ಕೂ ಹಿಂದೆ ಹುಟ್ಟಿದ ಡೊಮೇನ್‌ಗಳಲ್ಲಿ 60 ದಿನವೇ ಇರಬಹುದು. ಅಷ್ಟು ದಿನ ದೂರವಿದ್ದ ಡಿಸಿಗೆ ಏನೇನು ಅಳಿಸಿದ್ದೀರಿ ಎಂಬುದು ಎಂದೂ ತಿಳಿಯುವುದಿಲ್ಲ, ನೀವು ತೆಗೆದುಹಾಕಿದ ಅಕೌಂಟ್‌ಗಳು ಅದರಲ್ಲಿ ಜೀವಂತ ಇರುತ್ತವೆ. ಉಳಿದ ಡಿಸಿಗಳು 2042 ಎಂಬ ದೋಷ ಬರೆದು ಅದನ್ನು ಹೊರಗಿಡುತ್ತವೆ. ಆ ತಡೆಯನ್ನು ರಿಜಿಸ್ಟ್ರಿಯಲ್ಲಿ ತೆಗೆಯುವ ಉಪಾಯ ಹೇಳುವವರು ಸಿಗುತ್ತಾರೆ, ಕೇಳಬೇಡಿ. ಬಲವಂತವಾಗಿ ಡಿಮೋಟ್ ಮಾಡಿ (ಡಿಸಿ ಪದವಿಯಿಂದ ಇಳಿಸಿ), ಮುಖ್ಯ ಕಚೇರಿಯಲ್ಲಿ ಅದರ ಹೆಸರನ್ನು ಡೈರೆಕ್ಟರಿಯಿಂದ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿ. ಇಷ್ಟು ದಿನ ಆಫ್ ಇದ್ದ ಯಂತ್ರದ ಗಡಿಯಾರವನ್ನೂ ನೋಡಿ. ಮದರ್‌ಬೋರ್ಡಿನ ಬ್ಯಾಟರಿ ಸತ್ತಿದ್ದರೆ ತಾರೀಖೇ ಹಿಂದೆ ಹೋಗಿರುತ್ತದೆ. 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಕರ್ಬರೋಸ್ ಒಪ್ಪುವುದಿಲ್ಲ. ವರ್ಷಕ್ಕೆ ನಾಲ್ಕೈದು ತಿಂಗಳು ಮಾತ್ರ ತೆರೆಯುವ ಕಚೇರಿಗೆ ಮತ್ತೆ ಡಿಸಿ ಇಡುವ ಬದಲು ಅದರ ಸಬ್‌ನೆಟ್ಟನ್ನು ಮುಖ್ಯ ಸೈಟಿಗೆ ಬರೆದುಬಿಡಿ.

ಪ್ರಶ್ನೆ: ಎಲ್ಲ ಮುಗಿದ ಮೇಲೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? (ಸಂಡೂರು)

ಉತ್ತರ: ಶಾಖೆಯ ಯಾವುದಾದರೂ ಕಂಪ್ಯೂಟರಿನಲ್ಲಿ ಎನ್ಎಲ್‌ಟೆಸ್ಟ್ ಕಮಾಂಡಿಗೆ ‘ಡಿಎಸ್‌ಗೆಟ್‌ಸೈಟ್’ ಸ್ವಿಚ್ ಕೊಡಿ, ಸೈಟಿನ ಹೆಸರು ಬರುತ್ತದೆ. ಯಾವ ಡಿಸಿ ಸಿಕ್ಕಿದೆ ಎಂದು ‘ಡಿಎಸ್‌ಗೆಟ್‌ಡಿಸಿ’ ಹೇಳುತ್ತದೆ. ಡಿಸಿಯಲ್ಲಿ ವಿಂಡೋಸ್ ಫೋಲ್ಡರಿನೊಳಗೆ ‘ಡಿಬಗ್’, ಅದರೊಳಗೆ ನೆಟ್‌ಲಾಗಾನ್ ಎಂಬ ಲಾಗ್ ಫೈಲ್ ಇದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ‘ನೋ ಕ್ಲೈಂಟ್ ಸೈಟ್’ ಎಂಬ ಸಾಲುಗಳನ್ನು ಹುಡುಕಿ. ಪ್ರತಿ ಸಾಲಿನ ಕೊನೆಯಲ್ಲಿ ಕಂಪ್ಯೂಟರಿನ ಹೆಸರೂ ಐಪಿಯೂ ಇರುತ್ತವೆ, ಪಟ್ಟಿಯಲ್ಲಿ ಬಿಟ್ಟುಹೋದ ಸಬ್‌ನೆಟ್ ಅದೇ. ಇವೆಂಟ್ ಲಾಗ್‌ನ 5807 ಹೇಳುವುದೂ ಇದನ್ನೇ. ರೆಪ್ಲಿಕೇಷನ್‌ಗೆ ರೆಪ್‌ಅಡ್ಮಿನ್‌ನ ‘ರೆಪ್ಲ್‌ಸಮ್ಮರಿ’ ಓಡಿಸಿ, ‘ಲಾರ್ಜೆಸ್ಟ್ ಡೆಲ್ಟಾ’ ಕಾಲಂ (ಕಡೆಯ ರೆಪ್ಲಿಕೇಷನ್ ಆಗಿ ಎಷ್ಟು ಹೊತ್ತಾಯಿತು ಎಂಬುದು) ನೋಡಿ. ಲಿಂಕ್ 15 ನಿಮಿಷದ್ದಾಗಿದ್ದು ಅಲ್ಲಿ 40 ನಿಮಿಷ ದಾಟಿದ್ದರೆ ಆ ಶಾಖೆಯ ಟನಲ್ ಮೊದಲು ನೋಡಿ, ಡಿಸಿ ಆಮೇಲೆ.